ಅಕ್ಕನ ಹಾಜರಿ

"ಏಯ್ ನಲವತ್ತೊಂದು! ಕಿವಿಗೇನು ಸೀಸ ಕಾಯಿಸಿ ಹುಯ್ದಿದ್ದಾರೇನೇ? ಬೆಳಗ್ಗಿಂದ ಒಂದೇ ಮೋರಿ ನೆಕ್ತಾ ನಿಂತಿದ್ದೀಯಲ್ಲೇ ಮುಂಡೆ, ಮೇಲಿನ ಬೀದೀನ ಯಾರು, ನಿಮ್ಮಪ್ಪ ಬಂದು ಬಳೀತಾನಾ?"

ಮೇಸ್ತ್ರಿ ರಸ್ತೆಯ ಮೇಲೆ, ಕೆಸರು ಸಿಡಿಯದಷ್ಟು ದೂರದಲ್ಲಿ ನಿಂತು ಕೂಗುತ್ತಿದ್ದ. ತಂಗಿ ಮೊಣಕಾಲು ಮುಳುಗುವ ಚರಂಡಿಗೆ ಇಳಿದು ಸಲಿಕೆಯಿಂದ ಹೂಳೆತ್ತಿ ಬಾಂಡ್ಲಿಗೆ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ. ತುಂಬಿದ ಸಲಿಕೆಯನ್ನು ಅರ್ಧದಲ್ಲಿ ನಿಲ್ಲಿಸಿದರೆ ಹೂಳು ತಿರುಗಿ ಮೈಮೇಲೆಯೇ ಬೀಳುತ್ತದೆ. ಬೈಗುಳವನ್ನೂ ಅವಳು ಹಾಗೆಯೇ ನಿಲ್ಲದೆ ಆಚೆ ಹಾಕುವುದನ್ನು ಕಲಿತಿದ್ದಳು.

"ನಮ್ಮಪ್ಪ ಬರೋ ಹಾಗಿದ್ರೆ ಅವನ ಕೈಗೆ ಸಲಿಕೆ ಕೊಟ್ಟು ನಾನು ಮನೇಲಿ ಕಾಲು ಚಾಚಿ ಮಲಗ್ತಿರ್ಲಿಲ್ವಾ" ಎಂದು ಬಾಂಡ್ಲಿಗೆ ಹೇಳಿದಳು.

ತಳ್ಳುಗಾಡಿಯ ಪಕ್ಕದಲ್ಲಿ ನಿಂತಿದ್ದ ಬಂಡಿ ಮಾವ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ನಲವತ್ತು ವರ್ಷ ಮುನಿಸಿಪಾಲಿಟಿಯ ಗಾಡಿ ತಳ್ಳಿ ಅವನ ಬೆನ್ನು ಗಾಡಿಯ ಹಿಡಿಯ ಹಾಗೆಯೇ ಬಾಗಿತ್ತು.

"ಏನೋ ಮುದುಕಾ ನಗ್ತೀಯ? ಇಬ್ರೂ ಕೇಳಿ. ಸೋಮವಾರ ಹತ್ತು ಗಂಟೆಗೆ ಆಫೀಸಿಗೆ ಬರ್ಬೇಕು. ಹದಿನೈದು ವರ್ಷಕ್ಕೆ ಮೇಲ್ಪಟ್ಟು ದುಡಿದೋರನ್ನೆಲ್ಲ ಕಾಯಂ ಮಾಡ್ತಾರಂತೆ, ಆರ್ಡರ್ ಆಗಿದೆ."

ಸಲಿಕೆ ನಿಂತಿತು. ಬಂಡಿ ಮಾವ ಕಿವಿಗೆ ಕೈ ಹಚ್ಚಿದ. "ಕಾಯಂ ಅಂದ್ರೆ?"

"ಅಂದ್ರೆ ಸಾಯೋ ತನಕ ಮೋರಿ ಬಳೀಬಹುದು, ಯಾರೂ ಬೇಡ ಅನ್ನಲ್ಲ."

"ಅಷ್ಟೇನಾ? ಅದಕ್ಕೆ ಆರ್ಡರ್ ಯಾಕೆ ಬೇಕಿತ್ತು?"

"ಸತ್ಮೇಲೂ ಬಳಿಯೋರು ನಮ್ಮಲ್ಲಿ ಒಬ್ರಿದ್ದಾರೆ ಬಿಡು" ಎಂದು ಮೇಸ್ತ್ರಿ ಚರಂಡಿಯ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಏ, ನಿನಗೇ ಹೇಳ್ತಿರೋದು. ಸೇರುವಾಗ ಒತ್ತಿದ ಹೆಬ್ಬೆಟ್ಟು ಇದೆಯಲ್ಲ ಹಳೇ ಪುಸ್ತಕದಲ್ಲಿ, ಅದಕ್ಕೂ ಈಗ ಒತ್ತೋ ಹೆಬ್ಬೆಟ್ಟಿಗೂ ತಾಳೆ ನೋಡ್ತಾರೆ. ತಾಳೆ ಆಗ್ದೋರ ಹೆಸರು ಹೊಡೆದುಹಾಕ್ತಾರೆ. ಹೆಸರು ಹೋದ್ರೆ ಸಾಲಿನ ಮನೇನೂ ಹೋಯ್ತು. ಭಾನುವಾರ ಬರ್ತೀಯಲ್ಲ, ಮಾತಾಡಣ" ಎಂದು ಹೇಳಿ ಹೋದ.

ತಂಗಿ ಹೂಳು ಮೆತ್ತಿದ ತನ್ನ ಎಡಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿ ನೋಡಿಕೊಂಡಳು. ಅದು ಅವಳದೇ ಬೆರಳು. ಪುಸ್ತಕದಲ್ಲಿದ್ದದ್ದು ಅಕ್ಕನದು.

ನಲವತ್ತೊಂದು ಎಂಬುದು ಹಾಜರಿ ಪುಸ್ತಕದಲ್ಲಿ ಅಕ್ಕನ ಸಂಖ್ಯೆ. ಅದರ ಮುಂದೆ ಬರೆದಿರುವುದೂ ಅಕ್ಕನ ಹೆಸರು. ಕಸದ ರಾಶಿಯ ಹಿಂದೆ, ಮುನಿಸಿಪಾಲಿಟಿ ಕಟ್ಟಿಸಿದ ಒಂದೊಂದೇ ಕೋಣೆಯ ಮನೆಗಳ ಸಾಲಿನಲ್ಲಿ ಎಲ್ಲರೂ ಇವಳನ್ನು ತಂಗಿ ಎಂದೇ ಕರೆಯುತ್ತಿದ್ದರು. ಚಿಕ್ಕ ಮಕ್ಕಳೂ ತಂಗಿ ಎನ್ನುತ್ತಿದ್ದವು. ಕೂದಲು ನರೆತು, ಮೊಣಕಾಲು ಬಾತು, ನಲವತ್ತು ದಾಟಿದ ಮೇಲೂ ಅವಳು ತಂಗಿಯೇ. ಯಾರಿಗೆ ತಂಗಿ ಎಂದು ಕೇಳುವವರಿರಲಿಲ್ಲ. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿದ್ದರು.

ಅವಳು ಅಕ್ಕನ ಹೆಸರು ಹೊತ್ತು ಹದಿನೈದು ವರ್ಷವಾಗಿತ್ತು. ಅಕ್ಕ ಕೆಲಸಕ್ಕೆ ಸೇರಿ ಆಗ ಮೂರು ವರ್ಷ. ಗಂಡ ಬಿಟ್ಟು ಹೋಗಿದ್ದ. ಮೂರು ವರ್ಷದ ಹೆಣ್ಣು ಮಗು. ಜೊತೆಗೆ ಮದುವೆಯಾಗದ ತಂಗಿ. ಆಸ್ಪತ್ರೆಯ ಹಿಂದಿನ ಚರಂಡಿ ಕಟ್ಟಿಕೊಂಡಾಗ ಅಕ್ಕ ಎದೆಮಟ್ಟದ ನೀರಿಗಿಳಿದು ತೆಗೆದಳು. ಸಂಜೆಗೆ ಜ್ವರ ಬಂತು. "ಒಂದು ದಿನ ಪರವಾಗಿಲ್ಲ, ಎರಡನೇ ದಿನ ಬರ್ದಿದ್ರೆ ಹೆಸರು ಹೋಯ್ತು" ಎಂದು ಮೇಸ್ತ್ರಿ ಹೇಳಿ ಕಳಿಸಿದ. ಎರಡನೆಯ ದಿನ ತಂಗಿ ಅಕ್ಕನ ಸೀರೆ ಉಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೋದಳು. ಹಾಜರಿ ಕೂಗಿದಾಗ "ಇದ್ದೀನಿ ಸಾಮಿ" ಎಂದಳು. ಮೇಸ್ತ್ರಿ ಸೆರಗಿನೊಳಗೆ ಇಣುಕಿ ನೋಡಿ, "ಮುಖ ಯಾವುದಾದ್ರೇನು, ಸಲಿಕೆ ನಡೆದ್ರೆ ಸಾಕು" ಎಂದ. ಮೂರನೆಯ ದಿನವೂ ಹೋದಳು. ಅಂದು ಬೆಳಗ್ಗೆ ಅವಳು ಅಕ್ಕನ ಹೆಸರಿಗೆ "ಇದ್ದೀನಿ" ಎಂದು ಕೂಗಿದ ಹೊತ್ತಿನಲ್ಲೇ, ಮನೆಯಲ್ಲಿ ಮಗುವಿನ ಪಕ್ಕದಲ್ಲಿ ಅಕ್ಕನ ಪ್ರಾಣ ಹೋಗಿತ್ತು.

ಮೇಸ್ತ್ರಿ ಹೆಣ ನೋಡಲು ಬಂದ. ಬಾಗಿಲಲ್ಲಿಯೇ ನಿಂತು, "ಹೆಸರು ಸತ್ರೆ ಕೆಲಸಾನೂ ಸಾಯುತ್ತೆ. ಹೊಸಬರನ್ನ ತಗೊಳ್ಳೋದು ನಿಲ್ಸಿದ್ದಾರೆ. ನಾಳೆ ಈ ಮನೇನೂ ಖಾಲಿ ಮಾಡಿಸ್ತಾರೆ. ಮಗೂನ ಎತ್ಕೊಂಡು ಎಲ್ಲಿಗೆ ಹೋಗ್ತೀಯ? ಸತ್ತೋಳು ನಿಮ್ಮಕ್ಕ ಅಂತ ಹೊರಗೆ ಯಾರಿಗೆ ಗೊತ್ತು?" ಎಂದ. ಅದು ಉಪಕಾರವೋ ಉರುಳೋ ಎಂದು ಯೋಚಿಸುವ ಹೊತ್ತು ಅದಲ್ಲ.

ಮಸಣವೂ ಮುನಿಸಿಪಾಲಿಟಿಯದೇ. ಕಾವಲುಗಾರ ಪುಸ್ತಕ ಬಿಚ್ಚಿ, ಸತ್ತವಳ ಹೆಸರೇನು ಎಂದು ಕೇಳಿದ. ಹೆಣ ಹೊತ್ತು ಬಂದಿದ್ದ ನಾಲ್ಕೂ ಜನ ನೆಲ ನೋಡಿದರು. ಬೇರೆ ಯಾವುದಾದರೂ ಹೆಸರು ಹೇಳಬಹುದಿತ್ತು. ಊರು ತುಂಬ ಹೆಸರುಗಳಿದ್ದವು. ಆದರೆ ಸುಳ್ಳು ಹೇಳಿ ರೂಢಿಯಿಲ್ಲದ ನಾಲಗೆಗೆ ಇನ್ನೊಂದು ಹೆಸರು ಹೊಳೆಯಲಿಲ್ಲ. ಆ ಮನೆಯಲ್ಲಿ ದೊಡ್ಡ ಹೆಂಗಸರ ಹೆಸರಿದ್ದದ್ದು ಎರಡೇ. ಒಂದನ್ನು ಬದುಕಿಸಬೇಕಾಗಿತ್ತು. ತಂಗಿ ತನ್ನ ಹೆಸರನ್ನು ಹೇಳಿದಳು. ಶಾಲೆಯಲ್ಲಾಗಲಿ, ಓಟಿನ ಪಟ್ಟಿಯಲ್ಲಾಗಲಿ, ಯಾವ ಚೀಟಿಯಲ್ಲಾಗಲಿ ಆವರೆಗೆ ಅವಳ ಹೆಸರು ಬರೆದಿರಲಿಲ್ಲ. ಮೊದಲ ಸಲ ಅದನ್ನು ಮಸಿಯಲ್ಲಿ ಬರೆದವನು ಮಸಣದ ಕಾವಲುಗಾರ.

ಗುಂಡಿ ತೋಡಿದವನು ಬಂಡಿ ಮಾವ. ಮೊದಲ ಹಿಡಿ ಮಣ್ಣು ಬಿದ್ದಾಗ ತಂಗಿ "ಅಕ್ಕಾ" ಎಂದು ಚೀರಿದಳು. ಮಾವ ಓಡಿ ಬಂದು ಮಣ್ಣಿನ ಕೈಯಿಂದಲೇ ಅವಳ ಬಾಯಿ ಮುಚ್ಚಿದ. "ಅಕ್ಕಾ ಅನ್ಬೇಡ ಕಣಮ್ಮ, ಅಲ್ಲೇ ಕೂತಿದ್ದಾನೆ, ಕೇಳಿಸ್ಕೊಂಡಾನು." ಆಮೇಲೆ ಅವಳು "ತಂಗೀ, ಅಯ್ಯೋ ನನ್ನ ತಂಗೀ" ಎಂದು ಎದೆ ಬಡಿದುಕೊಂಡು ಅತ್ತಳು. ಕಾವಲುಗಾರ ಪುಸ್ತಕ ಮುಚ್ಚಿ, ಪಾಪ, ಎಷ್ಟು ಪ್ರೀತಿಯ ತಂಗಿಯೋ ಎಂದ.

ಅಂದಿನಿಂದ ಪ್ರತಿ ಸಂಜೆ ಕೈಕಾಲು ತೊಳೆದು ದೀಪ ಹಚ್ಚಿದಾಗ ಅವಳ ಪ್ರಾರ್ಥನೆ ಒಂದೇ. "ದೇವರೇ, ನಿನ್ನ ಹತ್ರ ಬಂದಿರೋಳು ನಾನಲ್ಲ, ನಮ್ಮಕ್ಕ. ಇಲ್ಲಿ ಬರೆದದ್ದು ನೋಡ್ಬೇಡ. ಅವಳನ್ನ ಅವಳ ಹೆಸರಿನಿಂದಲೇ ಕರಿ."

ಮಗುವಿಗೆ ಎರಡು ಮಾತು ಕಲಿಸಬೇಕಾಯಿತು. ಮನೆಯೊಳಗೆ ಚಿಕ್ಕಮ್ಮ, ಮುನಿಸಿಪಾಲಿಟಿಯವರು ಕಂಡರೆ ಅಮ್ಮ. ಆ ಕೂಸು ಒಂದು ಸಲವೂ ತಪ್ಪಲಿಲ್ಲ. ಹಸಿವು ಮಕ್ಕಳನ್ನು ಬೇಗ ಜಾಣರನ್ನಾಗಿ ಮಾಡುತ್ತದೆ. ಈಗ ಹುಡುಗಿಗೆ ಹದಿನೆಂಟು. ಹತ್ತನೆಯ ತರಗತಿ ಮುಗಿಸಿದ್ದಳು. ಅಕ್ಷರ ಮುತ್ತು ಪೋಣಿಸಿದಂತೆ. ಬಟ್ಟೆ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ದಂತವೈದ್ಯರ ಕೋಣೆಯಲ್ಲಿ ಕೆಲಸ ಕೇಳಿ ಬಂದಿದ್ದಳು. ಮೂರು ಕಡೆಯೂ ಅಕ್ಷರ ನೋಡಿ ತಲೆಯಾಡಿಸಿದರು, ಮನೆ ಎಲ್ಲಿ ಎಂದು ಕೇಳಿದರು, "ಹೇಳಿ ಕಳಿಸ್ತೀವಮ್ಮ" ಎಂದರು. ಯಾರೂ ಹೇಳಿ ಕಳಿಸಲಿಲ್ಲ. ದಂತವೈದ್ಯರ ಹೆಂಡತಿ ಮಾತ್ರ, "ಒಳಗಿನ ಕೆಲಸಕ್ಕೆ ಆಗಲ್ಲ, ಹೊರಗೆ ಕಕ್ಕಸು ತೊಳೆಯೋಕೆ ಬೇಕಾದ್ರೆ ಬಾ" ಎಂದು ಬಾಯಿಬಿಟ್ಟೇ ಹೇಳಿದ್ದಳು.

ಭಾನುವಾರ ತಂಗಿ ಮೇಸ್ತ್ರಿಯ ಮನೆಗೆ ಹೋದಳು. ಹೋಗದ ಭಾನುವಾರ ಈ ಹದಿನೈದು ವರ್ಷಗಳಲ್ಲಿ ಇರಲಿಲ್ಲ. ಹಿತ್ತಿಲು ಗುಡಿಸಿ, ಬಚ್ಚಲು ಉಜ್ಜಿ, ಕಕ್ಕಸು ತೊಳೆದು ಬರುವುದು ಅವನ ಬಾಯಿ ಮುಚ್ಚಿಸಲು ಅವಳು ತೆರುತ್ತಿದ್ದ ಕಂದಾಯ. ಮೇಸ್ತ್ರಿಯ ಹೆಂಡತಿ ಹಿಂಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಆ ಮೂಲೆ, ಆ ಮೂಲೆ" ಎಂದು ಕಾಲಿನ ಬೆರಳಿನಿಂದ ತೋರಿಸುತ್ತಿದ್ದಳು.

ಮೇಸ್ತ್ರಿ ಹಲ್ಲುಜ್ಜುತ್ತ ಬಂದ.

"ಯಾವ ಹೆಬ್ಬೆಟ್ಟು ಒತ್ತಿದ್ಲು ನಿಮ್ಮಕ್ಕ?"

"ಎಡಗೈದು ಇರ್ಬೇಕು ಸಾಮಿ."

"ಸುಟ್ಕೋ."

ಅವಳ ಕೈಯಲ್ಲಿದ್ದ ಪೊರಕೆ ನಿಂತಿತು.

"ಏನು ಹಾಗೆ ನೋಡ್ತೀಯ? ಮನೇಲಿ ಒಲೆ ಇಲ್ವಾ? ಬೆರಳು ಸುಟ್ಟಿದ್ರೆ ಗೆರೆ ಬೀಳಲ್ಲ. ಗೆರೆ ಬೀಳ್ದಿದ್ರೆ ತಾಳೆ ನೋಡೋದೇನು ಬಂತು, ಮಣ್ಣು? ನಾನು ಪಕ್ಕದಲ್ಲೇ ಇರ್ತೀನಿ, ಹೌದು ಸಾರ್ ಇವಳೇ ಅಂತೀನಿ. ಕೆಲಸ ಆಗುತ್ತೆ." ಬಾಯಿ ಮುಕ್ಕಳಿಸಿ ಅವಳು ತೊಳೆದ ನೆಲದ ಮೇಲೆ ಉಗಿದ. "ಸಿಕ್ಕಿಬಿದ್ರೆ ಮಾತ್ರ ನನ್ನ ಹೆಸರು ತರ್ಬೇಡ. ತಂದ್ಯೋ, ಸಾಲಿನಲ್ಲಿ ಆ ಹುಡುಗಿ ಒಬ್ಳೇ ಇರ್ತಾಳೆ ಅನ್ನೋದು ನೆನಪಿರ್ಲಿ."

"ಇಲ್ಲಿ ಉಗೀಬೇಡೀಂದ್ರೆ, ಈಗ ತಾನೇ ತೊಳೆದಿದಾಳೆ" ಎಂದಳು ಹೆಂಡತಿ. ತಂಗಿ ಅದನ್ನೂ ತೊಳೆದು ಎದ್ದಳು.

ಸೋಮವಾರ ಬೆಳಗ್ಗೆ ಹುಡುಗಿ ನೀರು ತರಲು ಕೊಡ ಹಿಡಿದು ಹೊರಗೆ ಹೋದಳು. ತಂಗಿ ಒಲೆಯ ಮೇಲಿನ ಕಾವಲಿಯ ಮೇಲೆ ಒಂದು ಹನಿ ನೀರು ಚಿಮುಕಿಸಿ ನೋಡಿದಳು. ಹನಿ ಕುಣಿದು ಮಾಯವಾಯಿತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಗೈ ಹೆಬ್ಬೆರಳನ್ನು ಕಾವಲಿಯ ಮೇಲೆ ಒತ್ತಿದಳು. ಕಾಗದದ ಮೇಲೆ ಒತ್ತುವ ಹಾಗೆಯೇ, ಎಡದಿಂದ ಬಲಕ್ಕೆ ಹೊರಳಿಸಿ.

ಕೊಡ ಬಿದ್ದ ಸದ್ದಾಯಿತು. "ಚಿಕ್ಕಮ್ಮಾ! ಏನ್ ಮಾಡ್ಕೊಂಡೆ? ಹುಚ್ಚು ಹಿಡೀತಾ ನಿನಗೆ?"

"ಕೂಗ್ಬೇಡ. ಅಲ್ಲಿ ಹಳೇ ಬಟ್ಟೆ ಇದೆ, ಹರಿದು ಕೊಡು."

ಹುಡುಗಿ ಕಟ್ಟು ಕಟ್ಟುವಾಗ ಅವಳ ಕಣ್ಣೀರು ಬಟ್ಟೆಯ ಮೇಲೆ ಬೀಳುತ್ತಿತ್ತು. "ನನಗೆ ಬೇಡ ಚಿಕ್ಕಮ್ಮ ಈ ಮನೆ. ಎಲ್ಲಾದ್ರೂ ಹೋಗಣ."

"ಎಲ್ಲಿಗೆ? ಆ ಹಲ್ಲಿನ ಡಾಕ್ಟರ ಕಕ್ಕಸಿಗಾ?" ಎಂದು ತಂಗಿ ನಗಲು ನೋಡಿದಳು. "ಕಾಯಂ ಆದ್ರೆ ನಿನಗೊಂದು ಸೂರು ಇರುತ್ತೆ. ನಿಮ್ಮಮ್ಮನ ಹೆಸರಲ್ಲೇ ಇರುತ್ತೆ. ಆಫೀಸಲ್ಲಿ ಅಮ್ಮ ಅನ್ನು, ಮರೀಬೇಡ."

ಮುನಿಸಿಪಾಲಿಟಿ ಕಚೇರಿಯ ಮೊಗಸಾಲೆಯಲ್ಲಿ ನಲವತ್ತೇಳು ಜನ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಬೆಂಚು ಖಾಲಿಯಿತ್ತು. ಆ ಬೆಂಚನ್ನು ದಿನವೂ ಒರೆಸುವವರಿಗೆ ಅದರ ಮೇಲೆ ಯಾರು ಕೂರಬಾರದೆಂದು ಗೊತ್ತಿತ್ತು. ಮೊಗಸಾಲೆಯ ಈ ಕೊನೆಯಲ್ಲಿ ಮೇಜು ಹಾಕಿ ಸಾಹೇಬ ಕೂತಿದ್ದ. ಪಕ್ಕದಲ್ಲಿ ಹೆಡ್ ಗುಮಾಸ್ತ, ಅವನ ಮುಂದೆ ಹುಳು ಹಿಡಿದ ದಪ್ಪ ಪುಸ್ತಕ, ಮಸಿ ಮೆತ್ತೆ, ಒಂದು ಭೂತಗನ್ನಡಿ. ಆ ಕೊನೆಯಲ್ಲಿ ಜನನ ಮರಣದ ಕಿಟಕಿ. ಮೇಸ್ತ್ರಿ ಕೈಕಟ್ಟಿಕೊಂಡು ಸಾಹೇಬನ ಹಿಂದೆ ನಿಂತಿದ್ದ.

ಬಂಡಿ ಮಾವನ ಸರದಿ ಮೊದಲೇ ಬಂತು. ಬೆರಳು ಒತ್ತಿದ. ಗುಮಾಸ್ತ ಗಾಜು ಹಿಡಿದು ನೋಡಿ ತಾಳೆಯಾಯಿತು ಎಂದ.

"ಆಯ್ತಾ ಸಾಮಿ? ಇನ್ನು ಸಾಯೋ ತನಕ ನಾನು ನಿಮ್ಮೋನು" ಎಂದ ಮಾವ.

"ಸಾಯೋ ತನಕ ಅಲ್ಲಯ್ಯ, ಇನ್ನೊಂದು ವರ್ಷ. ಆಮೇಲೆ ನಿವೃತ್ತಿ" ಎಂದ ಗುಮಾಸ್ತ. ಮಾವ ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೆ ಹೋಗಿ ಕೂತ.

ನಲವತ್ತೊಂದು ಎಂದು ಕೂಗಿದರು. ತಂಗಿ ಎದ್ದು ಬಂದು ಮೇಜಿಗೆ ಒಂದು ಮಾರು ದೂರ ನಿಂತಳು. ಹುಡುಗಿ ಅವಳ ಹಿಂದೆ.

"ಕೈಗೇನಾಯ್ತು?" ಸಾಹೇಬ ಕೇಳಿದ. ವಯಸ್ಸು ಹೆಚ್ಚಿಲ್ಲ, ಮುಖ ಕೆಟ್ಟದ್ದಲ್ಲ. ಕರವಸ್ತ್ರವನ್ನು ಮಾತ್ರ ಮೂಗಿನಿಂದ ತೆಗೆದಿರಲಿಲ್ಲ.

"ಒಲೆ ತಾಗ್ತು ಸಾಮಿ."

"ಯಾವತ್ತು?"

"ಇವತ್ತು ಬೆಳಗ್ಗೆ."

"ಇವತ್ತು ಬೆಳಗ್ಗೆ, ಎಡಗೈ ಹೆಬ್ಬೆರಳಿಗೆ. ಎಂಥಾ ಜಾಣ ಒಲೆ ಅಮ್ಮ ನಿಮ್ಮದು!"

ಗುಮಾಸ್ತ ನಕ್ಕ. ಮೇಸ್ತ್ರಿ ಬಗ್ಗಿ, "ಹೌದು ಸಾರ್, ಇವಳೇ. ನನ್ನ ಕೈಕೆಳಗೆ ಹದಿನೆಂಟು ವರ್ಷದಿಂದ ಇದ್ದಾಳೆ" ಎಂದ.

"ಇರ್ಲಿ ಬಿಡಿ, ಹಳೇ ಪುಸ್ತಕದಲ್ಲಿ ಮೈಮೇಲಿನ ಗುರುತೂ ಬರೆದಿರ್ತಾರೆ" ಎಂದು ಗುಮಾಸ್ತ ಹಾಳೆಯ ಕೆಳಗೆ ಬೆರಳಾಡಿಸಿದ. ಮೇಸ್ತ್ರಿಯ ಮುಖ ಬಿಳಿಚಿತು. ಪುಸ್ತಕದಲ್ಲಿ ಅಂಥದ್ದೊಂದು ಸಾಲಿರುವುದು ಅವನಿಗೂ ತಿಳಿದಿರಲಿಲ್ಲ. "ಬಲಗೈ ಕಿರುಬೆರಳಿನ ತುದಿ ಇಲ್ಲ, ಅಂತಿದೆ ಸಾರ್."

"ಬಲಗೈ ತೋರ್ಸಮ್ಮ."

ತಂಗಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಕ್ಕನ ಆ ಬೆರಳು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷದವಳಿದ್ದಾಗ ಯಾವುದೋ ಹಟಕ್ಕೆ ಬಾಗಿಲನ್ನು ದಢಾರನೆ ಎಳೆದವಳು ಅವಳೇ. ಸಂದಿಯಲ್ಲಿ ಅಕ್ಕನ ಬೆರಳಿತ್ತು. ಬಾಗಿಲು ಗಾಳಿಗೆ ಹಾಕ್ಕೊಳ್ತು ಎಂದು ಅಕ್ಕ ಅಪ್ಪನಿಗೆ ಹೇಳಿ ಅವಳನ್ನು ಏಟಿನಿಂದ ಉಳಿಸಿದ್ದಳು.

"ತೋರ್ಸಮ್ಮ, ಹೊತ್ತಾಯ್ತು."

ಅವಳು ಕೈ ಹೊರಗೆ ತೆಗೆದಳು. ಹೂಳು ಕಚ್ಚಿ ಉಗುರು ಕಪ್ಪಾದ ಐದು ಬೆರಳು, ತುದಿಯವರೆಗೂ.

"ಹಲ್ಲಿಗೆ ಬಾಲ ಬೆಳೆಯೋದು ಕೇಳಿದ್ದೆ ಸಾರ್" ಎಂದ ಗುಮಾಸ್ತ. "ನಮ್ಮ ಮುನಿಸಿಪಾಲ್ಟೀಲಿ ಬೆರಳೂ ಬೆಳೆಯುತ್ತೆ!"

"ನನಗೇನು ಗೊತ್ತು ಸಾರ್" ಎಂದು ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. "ಸೆರಗು ಮುಚ್ಕೊಂಡು ಬರ್ತಿದ್ಲು ಕಳ್ಳಮುಂಡೆ. ನನ್ನ ಕಣ್ಣಿಗೇ ಮಣ್ಣೆರಚಿದಾಳೆ."

ಹುಡುಗಿ ತಡೆಯಲಾರದೆ, "ಸುಳ್ಳು! ಹದಿನೈದು ವರ್ಷ ನಮ್ಮ ಚಿಕ್ಕಮ್ಮನ ಕೈಲಿ ನಿನ್ನ ಕಕ್ಕಸು ತೊಳೆಸಿಲ್ವಾ?" ಎಂದುಬಿಟ್ಟಳು. ಮಾತು ಬಾಯಿಂದ ಬಿದ್ದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸಾಹೇಬ ಕರವಸ್ತ್ರ ಇಳಿಸಿದ. "ಚಿಕ್ಕಮ್ಮನಾ?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ತಂಗಿ ಹೇಳಿದಳು. ಜ್ವರದಿಂದ ಹಿಡಿದು ಹಾಜರಿಯವರೆಗೆ ನಾಲ್ಕೇ ಮಾತಿನಲ್ಲಿ ಹೇಳಿದಳು. ದೊಡ್ಡ ದುಃಖ ಹೇಳುವುದಕ್ಕೆ ಹೆಚ್ಚು ಮಾತು ಹಿಡಿಯಲಿಲ್ಲ.

"ಅಂದ್ರೆ ಹದಿನೈದು ವರ್ಷ ಮುನಿಸಿಪಾಲ್ಟಿಗೆ ಮೋಸ ಮಾಡಿದೀಯ."

"ಹೆಸರು ನಂದಲ್ಲ ಸಾಮಿ, ನಿಜ. ಮೋರಿ ಬಳಿದಿದ್ದು ನಾನೇ. ಬೇಕಾದ್ರೆ ಬೀದಿಯೋರನ್ನ ಕೇಳಿ. ಯಾವ ಮನೆ ಮೋರೀಲಿ ಏನು ಬರುತ್ತೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ."

ಸಾಹೇಬ ಲೇಖನಿಯ ತಲೆಯನ್ನು ಮೇಜಿಗೆ ಕುಟ್ಟಿದ. "ನೋಡಮ್ಮ, ಆ ಹೆಸರಲ್ಲಿ ಆಗಲ್ಲ. ನಿನ್ನ ಹೆಸರಲ್ಲೇ ಒಂದು ಅರ್ಜಿ ಬರ್ಸು. ಕೆಲಸ ಮಾಡಿದ್ದು ನೀನು ಅಂತ ಇವರೆಲ್ಲ ಹೇಳಿದ್ರೆ ಮೇಲಕ್ಕೆ ಬರೆದು ನೋಡ್ತೀನಿ. ನಿನ್ನ ಹೆಸರೇನು?"

ಹದಿನೈದು ವರ್ಷಗಳಿಂದ ಯಾರೂ ಕೇಳದ ಪ್ರಶ್ನೆ. ಗೋಡೆಗೊರಗಿ ಕೂತಿದ್ದ ಬಂಡಿ ಮಾವ ಕಣ್ಣು ಮುಚ್ಚಿಕೊಂಡ. ತಂಗಿಗೆ ತನ್ನ ಹೆಸರು ಬಾಯಿಗೆ ಬರಲು ಒಂದು ಗಳಿಗೆ ಬೇಕಾಯಿತು. ಹೇಳಿದಳು. ತಂದೆಯ ಹೆಸರನ್ನೂ ಹೇಳಿದಳು.

ಗುಮಾಸ್ತ ತಲೆ ಎತ್ತಿದ. "ಅಕ್ಕ ಸತ್ತದ್ದಕ್ಕೆ ದಾಖಲೆ ಬೇಕಲ್ಲ ಸಾರ್. ನೋಡ್ಕೊಂಡು ಬರ್ತೀನಿ." ಮೊಗಸಾಲೆಯ ಆ ಕೊನೆಗೆ, ಜನನ ಮರಣದ ಕಿಟಕಿಗೆ ಹೋದ. ಒಳಗಿನವನು ಆ ವರ್ಷದ ಪುಸ್ತಕ ತೆಗೆದು ಧೂಳು ಊದಿದ. ಇಬ್ಬರೂ ತಲೆ ಕೂಡಿಸಿ ನೋಡಿದರು. ಗುಮಾಸ್ತ ಪುಸ್ತಕವನ್ನು ತೆರೆದ ಹಾಳೆಯ ಸಮೇತ ಹೊತ್ತು ತಂದ. ಅವನ ಮುಖದಲ್ಲಿ ಈ ಸಲ ನಗು ಅರ್ಧಕ್ಕೆ ನಿಂತಿತ್ತು.

"ಸಾರ್, ಇವಳು ಸತ್ತು ಹದಿನೈದು ವರ್ಷ ಆಯ್ತು."

"ಯಾರು?"

"ಇವಳೇ. ಇಲ್ಲಿ ನಿಂತಿರೋಳು. ಮಸಣದ ಪುಸ್ತಕದಿಂದ ಏರಿಸಿದ್ದಾರೆ. ತಂದೆ ಹೆಸರೂ ಸರಿಯಾಗಿದೆ."

"ಮತ್ತೆ ಅಕ್ಕ?"

"ಅಕ್ಕ ಬದುಕಿದ್ದಾಳೆ ಸಾರ್. ಶನಿವಾರದ ತನಕ ಹಾಜರಿ ಇದೆ."

ಸಾಹೇಬ ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದ. ಒಂದು ಸಲ ತಂಗಿಯ ಮುಖವನ್ನೂ ನೋಡಿದ. ಆಮೇಲೆ ಕರವಸ್ತ್ರ ಮೂಗಿಗೆ ಹೋಯಿತು. "ನನ್ನ ಕೈಯಲ್ಲಿ ಏನೂ ಇಲ್ಲಮ್ಮ. ಬದುಕಿರೋಳು ಬಂದ್ರೆ ಕಾಯಂ ಮಾಡ್ತೀನಿ. ಸತ್ತೋಳಿಗೆ ಕೆಲಸ ಕೊಡೋ ಅಧಿಕಾರ ನನಗಿಲ್ಲ." ಕೆಂಪು ಮಸಿಯ ಲೇಖನಿಯಿಂದ ನಲವತ್ತೊಂದರ ಮೇಲೆ ಗೆರೆ ಎಳೆದ. ಗೆರೆ ಅಕ್ಕನ ಹೆಸರಿನ ಮೇಲೆ ಹಾದುಹೋಯಿತು. "ಮುಂದಿನೋರು, ನಲವತ್ತೆರಡು."

ತಂಗಿ ಕಿಟಕಿಯ ಬಳಿಗೆ ಹೋದಳು. ಒಳಗಿದ್ದ ಗುಮಾಸ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸಾಮಿ, ನಾನು ಬದುಕಿದ್ದೀನಿ ಅಂತ ತಿದ್ದಿ ಕೊಡಿ."

"ಹಾಗೆಲ್ಲ ತಿದ್ದೋಕಾಗಲ್ಲಮ್ಮ. ನಿನ್ನ ಗುರುತಿನ ಚೀಟಿ ಬೇಕು."

"ಅದನ್ನ ಯಾರು ಕೊಡ್ತಾರೆ?"

"ನಾವೇ. ಆದ್ರೆ ಸತ್ತೋರಿಗೆ ಕೊಡಲ್ಲ."

"ಹಂಗಾದ್ರೆ ಅಕ್ಕ ಸತ್ತಿದ್ದಾಳೆ ಅಂತಾದ್ರೂ ಬರೀರಿ. ಅವಳಿಗೊಂದು ಸಾವಾದ್ರೂ ಸಿಗಲಿ."

"ಹೆಣ ಎಲ್ಲಿ?"

"ಮಣ್ಣಲ್ಲಿದೆ ಸಾಮಿ."

"ಅದು ನಿನ್ನ ಹೆಣ ಅಂತ ಬರೆದಿದೆ" ಎಂದು ಅವನು ಕಿಟಕಿಯ ರೆಕ್ಕೆಯನ್ನು ಅರ್ಧ ಮುಚ್ಚಿದ. "ಹೋಗಮ್ಮ, ಸುಳ್ಳು ಹೆಸರು ಹೇಳಿ ಹೂತಿದ್ದಕ್ಕೆ ಪೊಲೀಸಿಗೆ ಕೊಡ್ಬೇಕಾಗುತ್ತೆ. ಸುಮ್ನೆ ಹೋಗು."

ಹುಡುಗಿ ಬಂದು ಅವಳ ತೋಳು ಹಿಡಿದಳು. "ಬಾ ಚಿಕ್ಕಮ್ಮ, ಮನೆಗೆ ಹೋಗಣ."

"ಯಾವ ಮನೆಗೆ ಕೂಸೇ?"

ಅವಳು ಮೊಗಸಾಲೆಯ ನಡುವೆ ನಿಂತಳು. ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೂತಳು. ಕಾಲು ಚಾಚಿ, ಎರಡೂ ಕೈಗಳನ್ನು ಮೈಗೆ ಒತ್ತಿ ಇಟ್ಟುಕೊಂಡು, ನೆಲದ ಮೇಲೆ ಅಂಗಾತ ಮಲಗಿದಳು.

"ಏಯ್! ಏನಿದು ನಾಟಕ?" ಮೇಸ್ತ್ರಿ ಓಡಿ ಬಂದ. "ಏಳೇ ಮೇಲೆ!"

"ಸತ್ತೋಳು ಹೆಂಗೆ ಏಳ್ತಾಳೆ?" ಎಂದಳು ತಂಗಿ. ದನಿ ಜೋರಾಗಿರಲಿಲ್ಲ. ಆದರೂ ಮೊಗಸಾಲೆಯ ಎರಡೂ ಕೊನೆಗೆ ಕೇಳಿಸಿತು. "ಬೀದೀಲಿ ನಾಯಿ ಸತ್ರೆ ಯಾರು ಎತ್ತೋದು? ದಿಕ್ಕಿಲ್ಲದ ಹೆಣ ಬಿದ್ರೆ ಯಾರು ಎತ್ತೋದು? ಮುನಿಸಿಪಾಲ್ಟಿ. ನಾನು ಸತ್ತು ಹದಿನೈದು ವರ್ಷ ಆಯ್ತಂತೆ. ಎತ್ತಿಸಿ."

ಸಾಹೇಬ ಎದ್ದು ನಿಂತ. "ಇವಳನ್ನ ಹೊರಗೆ ಹಾಕ್ಸಿ. ಜನ ಕರೀರಿ."

ಹೆಣ ಎತ್ತುವ ಜನ ಗೋಡೆಗೊರಗಿ ಅಲ್ಲಿಯೇ ಕೂತಿದ್ದರು. ಮೇಸ್ತ್ರಿ ಅವರ ಕಡೆ ತಿರುಗಿದ. "ಏ ಮುದುಕಾ, ಏಳು. ಇನ್ನೂ ಮೂರು ಜನ ಬನ್ರೋ. ಕಾಲು ಇಬ್ರು, ಕೈ ಇಬ್ರು."

ಬಂಡಿ ಮಾವ ಗೋಡೆ ಹಿಡಿದುಕೊಂಡು ಎದ್ದ. ನಡೆದು ಬಂದು ತಂಗಿಯ ತಲೆಯ ಬಳಿ ನಿಂತ. ಅವಳು ಕಣ್ಣು ತೆರೆದು ಅವನನ್ನು ನೋಡಿದಳು.

"ಮೇಸ್ತ್ರಿ, ಈ ಮಗೂ ಹೆಸರಿಗೆ ನಾನು ಒಂದ್ಸಲ ಗುಂಡಿ ತೋಡಿ ಮಣ್ಣು ಹಾಕಿದ್ದೀನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

"ಬೆಳಗ್ಗೆ ತಾನೇ ಕಾಯಂ ಆಗಿದ್ದೀಯ ಬೋಳಿಮಗನೇ, ಸಂಜೆಗೆ ಕಳ್ಕೋತೀಯ."

"ಕಳ್ಕೋತೀನಿ ಬಿಡು. ಇನ್ನೊಂದು ವರ್ಷದ್ದು ತಾನೇ? ತಗೊಂಡು ನಿನ್ನ ಹೆಂಡ್ತಿ ತಲೆಗೆ ಮುಡಿಸು."

ಗೋಡೆಯ ಕಡೆಯಿಂದ ಯಾರೋ ನಕ್ಕರು. ಯಾರೂ ಏಳಲಿಲ್ಲ. ನಲವತ್ತೆರಡನೆಯವಳು ಮಸಿ ಹಚ್ಚಿದ ಹೆಬ್ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಮೇಜಿನ ಮುಂದೆ ನಿಂತಿದ್ದಳು. ಒತ್ತಮ್ಮ ಎಂದು ಗುಮಾಸ್ತ ಎರಡು ಸಲ ಹೇಳಿದ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು.

ಮಧ್ಯಾಹ್ನವಾಯಿತು. ಕಾಗದಪತ್ರ ಹೊತ್ತವರು ತಂಗಿಯನ್ನು ಬಳಸಿಕೊಂಡು ಓಡಾಡಿದರು. ಆಮೇಲೆ ಬಳಸುವುದು ಬೇಸರವಾಗಿ ದಾಟಿಕೊಂಡು ಓಡಾಡಿದರು. ಜನನದ ಪತ್ರಕ್ಕೆ ಬಂದ ಒಬ್ಬ ಗರತಿ, ಮಗುವನ್ನು ಎದೆಗವಚಿಕೊಂಡು ಗೋಡೆಯ ಬದಿಯಿಂದ ಸರಿದು ಹೋದಳು. ಪೊಲೀಸಿಗೆ ಹೇಳಿ ಕಳಿಸಿದ್ದರು, ಒಬ್ಬ ಪೇದೆ ಬಂದು ನೋಡಿ, "ಯಾರ ಮೇಲೆ ಕೇಸು ಬರೀಲಿ? ಇವಳು ಪುಸ್ತಕದಲ್ಲಿ ಬದುಕೇ ಇಲ್ವಲ್ಲ" ಎಂದು ತಲೆ ಕೆರೆದುಕೊಂಡು ಹೋದ. ಹುಡುಗಿ ತಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೋದಳು. "ಬೇಡ ಕೂಸೇ, ಹೆಣಕ್ಕೆ ನೆಲವೇ ಇರ್ಲಿ" ಎಂದಳು ತಂಗಿ. ಆಮೇಲೆ ಅವಳ ತುಟಿ ಮಾತ್ರ ಅಲುಗುತ್ತಿತ್ತು. ಹತ್ತಿರ ಬಗ್ಗಿದರೆ, ಅವಳು ಅಕ್ಕಾ, ಅಕ್ಕಾ ಎನ್ನುತ್ತಿರುವುದು ಕೇಳಿಸುತ್ತಿತ್ತು. ಅಂದು ಮಸಣದಲ್ಲಿ ನುಂಗಿಕೊಂಡದ್ದನ್ನು ಅವಳು ಈಗ ಅಳುತ್ತಿದ್ದಳು.

ಐದು ಗಂಟೆ ಹೊಡೆಯಿತು. ಗುಮಾಸ್ತರು ಹೋದರು. ಮೇಸ್ತ್ರಿ ಹಿಂಬಾಗಿಲಿನಿಂದ ಹೋದ. ಸಾಹೇಬ ಪುಸ್ತಕಗಳನ್ನು ಬೀರುವಿಗೆ ಹಾಕಿ ಬೀಗದ ಕೈಯನ್ನು ಜೇಬಿಗಿಟ್ಟು, ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಅವಳನ್ನು ದಾಟಿದ. ಜವಾನ ದೊಡ್ಡ ಬೀಗ ಹಿಡಿದು ಅವನ ಹಿಂದೆ ಬಂದ.

"ಸಾರ್, ಒಳಗೆ ಜನ ಇದ್ರೆ ಬೀಗ ಹಾಕೋ ಹಾಗಿಲ್ಲ."

"ಜನ ಹೋಗ್ತಾರೆ. ಎಷ್ಟು ಹೊತ್ತು ಕೂರ್ತಾರೆ?" ಎಂದು ಸಾಹೇಬ ತಿರುಗಿ ನೋಡದೆ ಮೆಟ್ಟಿಲಿಳಿದ.

ಜವಾನ ಸ್ವಲ್ಪ ಹೊತ್ತು ಕಾದ. ಮೊಗಸಾಲೆಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು. ನೆಲದ ಮೇಲೆ ತಂಗಿ, ಅವಳ ಪಕ್ಕದಲ್ಲಿ ಹುಡುಗಿ, ಅಲ್ಲಿಂದ ಬಾಗಿಲಿನವರೆಗೆ ನಲವತ್ತಾರು ಜನ. ಕಾಯಂ ಆದವರೂ ಇದ್ದರು, ಸರದಿ ಬಾರದವರೂ ಇದ್ದರು. ಅವನು ಬಾಗಿಲಿನ ಒಂದು ರೆಕ್ಕೆಯನ್ನು ಮುಚ್ಚಿ ಅಗುಳಿ ಹಾಕಿದ. ಇನ್ನೊಂದನ್ನು ಮುಚ್ಚಬೇಕಾದರೆ ಹೊಸ್ತಿಲ ಮೇಲೆ ಕೂತಿದ್ದ ಬಂಡಿ ಮಾವ ಏಳಬೇಕಾಗಿತ್ತು. ಮಾವ ಏಳಲಿಲ್ಲ.